ಆಸ್ಪೆನ್ ಪಟ್ಟಣದ ಸೂಪ್ ಚುನಾವಣೆ

ಅಮೆರಿಕದ ಕೊಲೊರಾಡೊದಲ್ಲಿರುವ ಆಸ್ಪೆನ್ ಎಂಬ ಹಿಮಪಟ್ಟಣದಲ್ಲಿ, ಸ್ಕೀಯಿಂಗ್ ಮುಗಿಸಿ ಬಂದ ಮಹನೀಯರು ಊರಿನ ರೆಸ್ಟೋರೆಂಟುಗಳ ಸೂಪ್‌ಗಳನ್ನು ಸಾಲಾಗಿ ರುಚಿ ನೋಡಿ ಮತ ಹಾಕುವ ಸಂಭ್ರಮದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಪುಟ್ಟ ಲೋಟದಲ್ಲಿ ಮೂರು ಗುಟುಕು ಸೂಪ್. ಲೋಟ ಹಿಡಿದ ಕೈಗವಸಿನ ಬೆಲೆಯಲ್ಲಿ ಒಂದು ಸಂಸಾರಕ್ಕೆ ತಿಂಗಳಿಡೀ ಸೂಪ್ ಕುಡಿಸಬಹುದು.

ಈ ಪಂದ್ಯ ನಡೆಯುವುದು 1951ರಲ್ಲಿ ಆರಂಭವಾದ ‘ವಿಂಟರ್‌ಸ್ಕೋಲ್’ ಎಂಬ ಜನವರಿಯ ಹಬ್ಬದಲ್ಲಿ. ಹೆಸರಿನ ಬಾಲದಲ್ಲಿರುವ ‘ಸ್ಕೋಲ್’ ಎಂಬುದು ಸ್ಕ್ಯಾಂಡಿನೇವಿಯಾದವರು ಮದ್ಯದ ಲೋಟ ಎತ್ತುವಾಗ ಹೇಳುವ ಮಾತು. ಅವರ ಭಾಷೆಗಳಲ್ಲಿ ಆ ಪದಕ್ಕೆ ಬಟ್ಟಲು ಎಂಬ ಅರ್ಥವೂ ಇರುವುದರಿಂದ, ಈ ಹಬ್ಬದಲ್ಲಿ ಬಟ್ಟಲುಗಳು ಪೈಪೋಟಿಗಿಳಿಯುವುದು ಶಾಸ್ತ್ರಸಮ್ಮತವೆಂದೇ ಹೇಳಬೇಕು. ಇದೇ ಹಬ್ಬದಲ್ಲಿ ನಾಯಿಗಳ ಫ್ಯಾಷನ್ ಪ್ರದರ್ಶನವೂ ಉಂಟು. ಅದಕ್ಕೆ ನನ್ನ ತಕರಾರಿಲ್ಲ, ಏಕೆಂದರೆ ನಾಯಿ ತಾನು ತೊಟ್ಟ ಕೋಟಿನ ಬಗ್ಗೆ ಉಪನ್ಯಾಸ ಕೊಡುವುದಿಲ್ಲ. ಸೂಪ್ ಕುಡಿದವರು ಕೊಡುತ್ತಾರೆ. ಕುಂಬಳಕಾಯಿಯ ಒಂದು ಗುಟುಕಿನಲ್ಲಿ ಮಣ್ಣಿನ ಘಮ, ಅಜ್ಜಿಯ ನೆನಪು, ಹೊಗೆಯ ಛಾಯೆ ಎಲ್ಲವನ್ನೂ ಕಣ್ಣು ಮುಚ್ಚಿ ಪತ್ತೆಹಚ್ಚುವ ಆ ನಾಲಿಗೆಗಳಿಗೆ ಶರಣು. ನಮ್ಮ ಮನೆಗಳಲ್ಲಿ ಸಾರಿನ ವಿಮರ್ಶೆ ‘ಉಪ್ಪು ಕಡಿಮೆ’ ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ.

ಅಡುಗೆ ಬಲ್ಲವರು ಗಮನಿಸಬೇಕಾದ ಸಂಗತಿಯೊಂದಿದೆ. ಆಸ್ಪೆನ್ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ಕುದಿಯುವುದು ಬೇಗ, ಬೇಯುವುದು ತಡ. ಕಾಳುಗಳಂತೂ ಹಟ ಹಿಡಿದು ಕೂರುತ್ತವೆ. ಆದ್ದರಿಂದ ಹಗಲಿನಲ್ಲಿ ಬಡಿಸಬೇಕಾದ ಸೂಪ್‌ಗಾಗಿ ಯಾರಾದರೂ ಒಬ್ಬರು ಬಲು ಬೇಗ ಬಂದು ಒಲೆಯ ಮುಂದೆ ನಿಲ್ಲಲೇಬೇಕು.

ಆ ಒಬ್ಬರು ಬರುವುದು ಎಲ್ಲಿಂದ? ಊರೊಳಗೆ ಮನೆಗಳಿಗೆ ಕೋಟ್ಯಂತರ ಡಾಲರ್ ಬೆಲೆ ಇರುವುದರಿಂದ ಅಲ್ಲಿಂದಲಂತೂ ಅಲ್ಲ. ಕಣಿವೆಯ ಕೆಳಗಿನ ಕಾರ್ಬನ್‌ಡೇಲ್, ಗ್ಲೆನ್‌ವುಡ್ ಸ್ಪ್ರಿಂಗ್ಸ್, ಅದಕ್ಕೂ ಆಚೆ ಸುಮಾರು 100 ಕಿಲೋಮೀಟರ್ ದೂರದ ರೈಫಲ್ ಎಂಬ ಊರಿನಿಂದ, ಕತ್ತಲಿರುವಾಗಲೇ ಹೊರಟು, ಹಿಮ ಬಿದ್ದ 82ನೇ ಹೆದ್ದಾರಿ ಹಿಡಿದು ಬರುತ್ತಾರೆ. ಪಟ್ಟಣದ ಆಡಳಿತ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಒಪ್ಪಬೇಕು: ದುಡಿಯುವವರಿಗಾಗಿ ಆ ಭಾಗದಲ್ಲಿ ಸುಮಾರು ಮೂರು ಸಾವಿರ ಮನೆಗಳಿವೆ, ಅವುಗಳಲ್ಲಿ ಮಾರಾಟಕ್ಕೆ ಬಂದದ್ದನ್ನು ಚೀಟಿ ಎತ್ತಿ ಕೊಡುತ್ತಾರೆ. ಸೂಪ್‌ಗೆ ಮತದಾನ, ಸೂರಿಗೆ ಲಾಟರಿ.

ಹೀಗೆ ಬಂದು ದುಡಿಯುವವರಲ್ಲಿ ಅನೇಕರು ವಲಸಿಗರು. ಇದೇ ಪಟ್ಟಣದ ಪುರಸಭೆ 1999ರ ಡಿಸೆಂಬರ್‌ನಲ್ಲಿ, ದೇಶಕ್ಕೆ ಬರುವ ವಲಸಿಗರ ಸಂಖ್ಯೆಯನ್ನು ಮಿತಿಗೊಳಿಸಬೇಕೆಂದು ಕೇಂದ್ರ ಸರ್ಕಾರವನ್ನು ಕೋರಿ ಸರ್ವಾನುಮತದ ನಿರ್ಣಯ ಅಂಗೀಕರಿಸಿತ್ತು. ಕೊಟ್ಟ ಕಾರಣ, ಜನಸಂಖ್ಯೆ ಹೆಚ್ಚಿದರೆ ಪರಿಸರ ಹಾಳಾಗುತ್ತದೆ. ಖಾಸಗಿ ಜೆಟ್ ವಿಮಾನಗಳು ಸಾಲುಗಟ್ಟಿ ಇಳಿಯುವ ಊರಿಗೆ ಪರಿಸರದ ಭಾರವಾಗಿ ಕಂಡದ್ದು ಪಾತ್ರೆ ತೊಳೆಯುವವನ ಉಸಿರು!

ಇದನ್ನು ಬರೆಯುವಾಗ ತಮಾಷೆಯ ಹುರುಪು ಉಳಿಯುವುದಿಲ್ಲ. ಈರುಳ್ಳಿ ಹೆಚ್ಚಲು, ಮೂಳೆ ಕುದಿಸಲು, ಮಹಡಿಯಷ್ಟು ಹಿಮ ಬಿದ್ದ ದಿನವೂ ತಪ್ಪದೆ ಹಾಜರಾಗಲು ಬೇಕಾದ ಮನುಷ್ಯ, ರಾತ್ರಿ ಮಲಗಲು ಮಾತ್ರ ಬೇಡ. ಇದು ನಾಚಿಕೆಗೇಡು, ಇದಕ್ಕೆ ಬೇರೆ ಮಸಾಲೆ ಅರೆಯುವ ಅಗತ್ಯವಿಲ್ಲ. ಈ ಪಂದ್ಯವನ್ನು ‘ಸಮುದಾಯ’ದ ಹಬ್ಬವೆಂದು ಕರೆಯುವವರು, ಸಮುದಾಯದ ಅರ್ಧ ಪಾಲು ಸಂಜೆಯ ಬಸ್ಸಿಗೆ ಕಾಯುತ್ತಿರುವುದನ್ನು ಒಮ್ಮೆ ಕತ್ತು ಹೊರಳಿಸಿ ನೋಡಬಹುದಿತ್ತು.

ಮತಗಳ ಎಣಿಕೆಯಾಗುತ್ತದೆ, ಗೆದ್ದ ರೆಸ್ಟೋರೆಂಟಿನ ಹೆಸರನ್ನು ಸಾರುತ್ತಾರೆ, ಫೋಟೊ ತೆಗೆಯುತ್ತಾರೆ. ರುಚಿ ನೋಡಿದ ಲೋಟಗಳು ಕಸದ ಬುಟ್ಟಿ ಸೇರುತ್ತವೆ. ದೊಡ್ಡ ಪಾತ್ರೆಗಳನ್ನು ಹಾಗೆ ಎಸೆಯಲಾಗುವುದಿಲ್ಲ. ತಳ ಹಿಡಿದದ್ದನ್ನು ನೆನೆಹಾಕಿ, ಉಜ್ಜಿ, ಬೋರಲು ಹಾಕಿ, ಆಮೇಲೆ ಬಸ್ಸು ಹಿಡಿಯಬೇಕು.