ಎರಡು ಗೇಣಿನ ಆಸ್ಟ್ರೇಲಿಯಾ

ಊಟದ ಮೇಜಿನ ಮೇಲೆ ಆಸ್ಟ್ರೇಲಿಯಾದ ನಕ್ಷೆಯನ್ನು ಹರಡಿ, ಹೆಬ್ಬೆರಳನ್ನು ಅಡಿಲೇಡಿನ ಮೇಲೂರಿ, ಕಿರುಬೆರಳನ್ನು ಉತ್ತರಕ್ಕೆ ಚಾಚಿದಾಗ ಅದು ಸರಿಯಾಗಿ ಆಲಿಸ್ ಸ್ಪ್ರಿಂಗ್ಸ್ ಊರನ್ನು ಮುಟ್ಟಿತು. ಇನ್ನೊಂದು ಗೇಣು ಹಾಕಿದರೆ ಡಾರ್ವಿನ್, ಅದರಾಚೆ ಸಮುದ್ರ. ಇಡೀ ದೇಶದ ಉದ್ದ ಎರಡೇ ಗೇಣು ಎಂಬ ಸಂಗತಿ ಮನದಟ್ಟಾದ ಮೇಲೆ ನನ್ನೊಳಗಿನ ಅಲೆಮಾರಿ ಸುಮ್ಮನಿರಲಿಲ್ಲ. ಮಗಳ ಎರಡು ವಾರದ ಜುಲೈ ರಜೆಗೆ ಇನ್ನೊಂದು ವಾರವನ್ನು ಹೇಗಾದರೂ ಸೇರಿಸಿ, ಒಂದು ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಹಿಡಿದು, ಒಂದನೆಯ ನಂಬರಿನ ಹೆದ್ದಾರಿಯಲ್ಲಿ ದೇಶಕ್ಕೆ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿಬಿಡುವುದೆಂದು ನಾನು ಅಲ್ಲೇ ಘೋಷಿಸಿದೆ.

ನನ್ನ ಮಡದಿ ಲೆಕ್ಕಪತ್ರದ ಕೆಲಸದವಳು. ಅವಳು ನಕ್ಷೆಯನ್ನು ನೋಡಲಿಲ್ಲ, ಕ್ಯಾಲ್ಕ್ಯುಲೇಟರನ್ನು ತೆಗೆದುಕೊಂಡಳು. ಆ ಹೆದ್ದಾರಿಯ ಸುತ್ತಳತೆ ಸುಮಾರು 14,500 ಕಿ.ಮೀ.; ಅದನ್ನು 21 ದಿನಗಳಿಂದ ಭಾಗಿಸಿದರೆ ದಿನಕ್ಕೆ 690 ಕಿ.ಮೀ. ತುಂಬಿದ ವ್ಯಾನು ನಿಂತು ಹೊರಟು, ಪೆಟ್ರೋಲು ಹಾಕಿಸಿಕೊಂಡು, ಗಂಟೆಗೆ ಸರಾಸರಿ 80 ಕಿ.ಮೀ. ಕ್ರಮಿಸಿದರೆ ಅದೇ ಹೆಚ್ಚು. ಅಂದರೆ ದಿನಕ್ಕೆ ಎಂಟೂವರೆ ಗಂಟೆಗೂ ಮೇಲ್ಪಟ್ಟು ಚಕ್ರ ಉರುಳುತ್ತಲೇ ಇರಬೇಕು. ಜುಲೈ ಎಂದರೆ ಇಲ್ಲಿ ಚಳಿಗಾಲ, ದಕ್ಷಿಣದಲ್ಲಿ ಹಗಲಿರುವುದೇ ಹತ್ತು ಗಂಟೆ. "ಹಾಗಾದರೆ ಅಡುಗೆ, ಊಟ, ಸ್ನಾನ ಮತ್ತು ಆಸ್ಟ್ರೇಲಿಯಾ, ಇಷ್ಟಕ್ಕೂ ಸೇರಿ ನಮಗೆ ದಿನಕ್ಕೆ ಒಂದೂವರೆ ಗಂಟೆ ಉಳಿಯುತ್ತದೆ, ರೀ" ಎಂದಳು. ರಾತ್ರಿಯೂ ಓಡಿಸಬಹುದಲ್ಲ ಎಂದು ನಾನು ಕೇಳುವುದು ಅವಳಿಗೆ ಮೊದಲೇ ಗೊತ್ತಿತ್ತು. ಬಾಡಿಗೆಯ ಕರಾರುಪತ್ರದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಊರ ಹೊರಗೆ ವಾಹನ ಓಡಿಸಿದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಸಾಲಿಗೆ ಆಕೆ ಹಳದಿ ಬಣ್ಣ ಬಳಿದಿಟ್ಟಿದ್ದಳು. ಮುಸ್ಸಂಜೆಗೂ ನಸುಕಿಗೂ ಮೇಯಲು ಬರುವ ಕಾಂಗರೂಗಳು ದೀಪದ ಬೆಳಕು ಕಂಡರೆ ದೂರ ಓಡುವ ಬದಲು ನೇರವಾಗಿ ಅದರ ಮುಂದಕ್ಕೇ ಜಿಗಿಯುತ್ತವೆಂಬುದು ಈ ದೇಶದ ವಿಮಾ ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಪ್ರದಕ್ಷಿಣೆ ಹೀಗೆ ಬಿದ್ದುಹೋಯಿತು. ನಾನು ಎರಡು ಗೇಣಿಗೆ ಇಳಿದೆ: ಅಡಿಲೇಡಿನಿಂದ ಡಾರ್ವಿನ್, ಸುಮಾರು 3,000 ಕಿ.ಮೀ. ಜಾನ್ ಮೆಕ್‌ಡೌಲ್ ಸ್ಟುವರ್ಟ್ 1861-62ರಲ್ಲಿ ಕುದುರೆಗಳ ಮೇಲೆ ಸಾಗಿ ಉತ್ತರದ ಕರಾವಳಿಯನ್ನು ಮುಟ್ಟಿದ ದಾರಿಯನ್ನೇ ಬಹುಮಟ್ಟಿಗೆ ಅನುಸರಿಸುವ, ಅವನ ಹೆಸರನ್ನೇ ಹೊತ್ತ ಹೆದ್ದಾರಿ ಅದು. ಕುದುರೆಯ ಮೇಲೆ ಆದದ್ದು ಎಂಜಿನ್ನಿನಿಂದ ಆಗದೇ ಎಂದು ವಾದಿಸಿದೆ. ಆ ಪುಣ್ಯಾತ್ಮ ಹಿಂದಿರುಗುವಾಗ ಸ್ಕರ್ವಿ ರೋಗದಿಂದ ಕುದುರೆಯ ಮೇಲೆ ಕೂರಲಾರದೆ, ಎರಡು ಕುದುರೆಗಳ ನಡುವೆ ಕಟ್ಟಿದ ಡೋಲಿಯಲ್ಲಿ ಮಲಗಿ ಬಂದನೆಂಬ ವಿವರವನ್ನು ಮಗಳು ಶಾಲೆಯ ಪುಸ್ತಕದಿಂದ ಓದಿ ಹೇಳಿದಳು. ಈ ಮನೆಯಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಲು ಜನರಿಗೆ ಬರವಿಲ್ಲ.

ಈ ಹಂತದಲ್ಲಿ ಸ್ನೇಹಿತರ ಸಲಹೆಗಳೂ ಬಂದವು. ಒಬ್ಬರು, ಆಲಿಸ್ ಸ್ಪ್ರಿಂಗ್ಸ್ ತಲುಪಿದರೆ ಉಲುರು ಬಂಡೆ ಪಕ್ಕದಲ್ಲೇ ಇದೆ, ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಬಂದುಬಿಡಿ ಎಂದರು. ಆ ಪಕ್ಕವೆಂಬುದು ರಸ್ತೆಯಲ್ಲಿ ಸುಮಾರು 450 ಕಿ.ಮೀ. ಇನ್ನೊಬ್ಬರು ತಾವು ಬಹಳ ಹಿಂದೆ ಬಂಡೆಯ ನೆತ್ತಿಯನ್ನೇರಿ ಸೂರ್ಯೋದಯ ನೋಡಿದ್ದನ್ನು ವರ್ಣಿಸಿ, ನೀವೂ ತಪ್ಪದೆ ಹತ್ತಿ ಎಂದರು. ಆ ನೆಲದ ಒಡೆಯರಾದ ಅನಂಗು ಜನರ ಬಹುಕಾಲದ ಕೋರಿಕೆಯಂತೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಲಾಗಿದೆ. ಮೂರನೆಯವರು ನೊಣಗಳ ಬಗ್ಗೆ ಎಷ್ಟು ಭೀಕರವಾಗಿ ಹೇಳಿದರೆಂದರೆ, ವ್ಯಾನು ಗೊತ್ತುಮಾಡುವ ಮೊದಲೇ ನಾನು ಮುಖಕ್ಕೆ ಬಲೆ ಇಳಿಬಿಟ್ಟ ಮೂರು ಟೋಪಿಗಳನ್ನು ಕೊಂಡು ತಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಜುಲೈ ಚಳಿಯಲ್ಲಿ ಅಲ್ಲಿ ನೊಣಗಳು ಅಪರೂಪವೆಂದೂ, ಮರುಭೂಮಿಯ ರಾತ್ರಿಯ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುವುದರಿಂದ ಬೇಕಾದದ್ದು ದಪ್ಪ ಕಂಬಳಿಯೆಂದೂ ಯಾರೂ ಹೇಳಲಿಲ್ಲ. ಮೊದಲ ರಾತ್ರಿ ಆ ಟೋಪಿಗಳನ್ನು ಕಿವಿ ಮುಚ್ಚುವಂತೆ ಹಾಕಿಕೊಂಡು ಮಲಗಿದೆವು.

ಕಡೆಗೆ ಮಡದಿಯ ಯೋಜನೆಯೇ ಗೆದ್ದಿತು: ಒಂದು ಗೇಣು, ಹತ್ತು ದಿನ. ಅಡಿಲೇಡಿನಿಂದ ಹೊರಟು ಪೋರ್ಟ್ ಅಗಸ್ಟಾ, ಕೂಬರ್ ಪೀಡಿ, ಎರ್ಲ್‌ಡುಂಡಾ; ಅಲ್ಲಿ ಎಡಕ್ಕೆ ತಿರುಗಿ ಉಲುರು; ಆಮೇಲೆ ಆಲಿಸ್ ಸ್ಪ್ರಿಂಗ್ಸಿನಲ್ಲಿ ವ್ಯಾನು ಒಪ್ಪಿಸಿ ವಿಮಾನದಲ್ಲಿ ವಾಪಸು. ಒಟ್ಟು ಸುಮಾರು 2,000 ಕಿ.ಮೀ., ದಿನಕ್ಕೆ ಸರಾಸರಿ ಇನ್ನೂರು. ಪ್ರತಿದಿನ ಸಂಜೆ ನಾಲ್ಕು ಗಂಟೆಯೊಳಗೆ ತಂಗುವ ಜಾಗ ಸೇರಿರಬೇಕೆಂಬ ಷರತ್ತು ಬೇರೆ. ನಾನು ಇದನ್ನು ಅಂಜುಬುರುಕರ ಯೋಜನೆ ಎಂದು ಕರೆದೆ. ಅವಳು ವಿರೋಧಿಸದೆ ಆ ಹೆಸರನ್ನೇ ಕಂಪ್ಯೂಟರಿನ ಕಡತಕ್ಕೆ ಇಟ್ಟಳು.

ವ್ಯಾನು ಪಡೆಯುವ ದಿನ ಬಾಡಿಗೆ ಕಚೇರಿಯ ತರುಣನೊಬ್ಬ ಅದರ ಅಂಗಾಂಗಗಳನ್ನು ಪಾಠ ಮಾಡಿದ. ಅನಿಲದ ಕವಾಟ, ಕುಡಿಯುವ ನೀರಿನ ತೊಟ್ಟಿ, ಪಾತ್ರೆ ತೊಳೆದ ನೀರು ಸೇರುವ ತೊಟ್ಟಿ, ಎರಡನೆಯ ಬ್ಯಾಟರಿ, ಮೇಜು ಹಾಸಿಗೆಯಾಗುವ ಬಗೆ. ನಾವು ಮೂವರೂ ಮದುವೆ ಮಂತ್ರಗಳಿಗೆ ತಲೆಯಾಡಿಸುವಂತೆ ತಲೆಯಾಡಿಸಿದೆವು. ನಾನು ಬುದ್ಧಿವಂತಿಕೆಯಿಂದ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡೆ. ಒಟ್ಟು 23 ನಿಮಿಷದ ವಿಡಿಯೊ. ಮುಂದಿನ ಹತ್ತು ದಿನ ಯಾವ ಸಂದೇಹ ಬಂದರೂ ಆ ವಿಡಿಯೊದಲ್ಲಿ ಬೇಕಾದ ತುಣುಕನ್ನು ಹುಡುಕಿ ನೋಡಿ, ಉತ್ತರ ಸಿಕ್ಕ ಕೂಡಲೇ ನಿಲ್ಲಿಸುವುದು ನಮ್ಮ ಪದ್ಧತಿಯಾಯಿತು.

ಮೊದಲ ಸಂದೇಹ ಬರಲು ಎಂಟು ನಿಮಿಷ ಸಾಕಾಯಿತು. ಮೊದಲ ವೃತ್ತದಲ್ಲಿ ತಿರುಗಿದಾಗ ಹಿಂದುಗಡೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡು, ಮೊಸರಿನ ಡಬ್ಬಿ ಹೊರಗೆ ಹಾರಿ, ಮುಚ್ಚಳ ಒಂದು ಕಡೆಗೂ ಮೊಸರು ಉಳಿದೆಲ್ಲ ಕಡೆಗೂ ಹೋಯಿತು. ಆ ಬಾಗಿಲಿಗೆ ಹೆಬ್ಬೆಟ್ಟಿನಷ್ಟು ಚಿಕ್ಕ ಚಿಲಕವಿದ್ದು, ಟಕ್ಕೆಂದು ಸದ್ದಾಗುವವರೆಗೆ ಒತ್ತಬೇಕಂತೆ. ವಿಡಿಯೊದ ಆರನೆಯ ನಿಮಿಷದಲ್ಲಿ ತರುಣ ಅದನ್ನು ಎರಡು ಸಲ ಒತ್ತಿ ತೋರಿಸಿದ್ದಾನೆ. ಹಿನ್ನೆಲೆಯಲ್ಲಿ "ಗೊತ್ತಾಯಿತು, ಗೊತ್ತಾಯಿತು" ಎನ್ನುವ ದನಿ ನನ್ನದು.

ಪೋರ್ಟ್ ಅಗಸ್ಟಾ ದಾಟಿದ ಮೇಲೆ ನನ್ನ ಗೇಣಿನ ಲೆಕ್ಕದ ನಿಜವಾದ ಅರ್ಥ ತಿಳಿಯಿತು. ಅಲ್ಲಿ ದೂರವನ್ನು ಊರಿನಿಂದ ಊರಿಗೆ ಅಳೆಯುವಂತಿಲ್ಲ, ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಅಳೆಯಬೇಕು. ಗ್ಲೆಂಡಾಂಬೊ ಬಿಟ್ಟರೆ ಕೂಬರ್ ಪೀಡಿಯವರೆಗೆ ಸುಮಾರು 250 ಕಿ.ಮೀ. ದಾರಿಯಲ್ಲಿ ಒಂದು ಅಂಗಡಿಯೂ ಇಲ್ಲ, ಮೊಬೈಲಿನ ಸಂಕೇತವಂತೂ ಬಹುಪಾಲು ಇಲ್ಲವೇ ಇಲ್ಲ. ಎದುರುಗಾಳಿ ಬೀಸಿದರೆ ನಮ್ಮ ಎತ್ತರದ ವ್ಯಾನು ಬಾಯಾರಿದ ಒಂಟೆಯಂತೆ ಪೆಟ್ರೋಲು ಕುಡಿಯುತ್ತಿತ್ತು. ಇದರ ನಡುವೆ ಮೂರು ನಾಲ್ಕು ಬೋಗಿಗಳನ್ನು ಎಳೆದುಕೊಂಡು ಬರುವ, 53.5 ಮೀಟರಿನವರೆಗೆ ಉದ್ದವಿರಲು ಅನುಮತಿಯಿರುವ ರೋಡ್ ಟ್ರೇನ್ ಎಂಬ ಲಾರಿಗಳು ಎದುರಾಗುತ್ತಿದ್ದವು. ಅದು ಹಾದುಹೋಗುವಾಗ ಮೊದಲು ವ್ಯಾನನ್ನು ಗಾಳಿ ಆಚೆಗೆ ತಳ್ಳುತ್ತದೆ, ಆಮೇಲೆ ಈಚೆಗೆ ಎಳೆಯುತ್ತದೆ, ಕಡೆಗೆ ಫ್ರಿಜ್ಜಿನ ಬಾಗಿಲು ತೆರೆಯುತ್ತದೆ. ಸತ್ತ ಕಾಂಗರೂವಿನ ಮೇಲೆ ಕುಳಿತ ಬೆಣೆಬಾಲದ ಹದ್ದುಗಳದ್ದು ಇನ್ನೊಂದು ಪಾಠ. ಹೊಟ್ಟೆ ತುಂಬ ತಿಂದ ಆ ಭಾರೀ ಹಕ್ಕಿ ಏಳಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ವೇಗ ತಗ್ಗಿಸಬೇಕಾದವರು ನಾವೇ. ಹಬ್ಬದೂಟ ಮುಗಿಸಿದವರ ಬಗ್ಗೆ ನನಗೆ ಮೊದಲಿನಿಂದಲೂ ಸಹಾನುಭೂತಿಯಿದೆ, ನಿಧಾನಿಸಿದೆ.

ಕೂಬರ್ ಪೀಡಿ ಒಂದು ವಿಚಿತ್ರವಾದ ಊರು. 1915ರಲ್ಲಿ ಅಲ್ಲಿ ಓಪಲ್ ರತ್ನ ಸಿಕ್ಕಂದಿನಿಂದ ಜನ ನೆಲವನ್ನು ತೋಡುತ್ತಲೇ ಇದ್ದಾರೆ. ಬೇಸಿಗೆಯ ಉರಿಯನ್ನು ತಪ್ಪಿಸಿಕೊಳ್ಳಲು ಮನೆಗಳನ್ನೂ ಚರ್ಚನ್ನೂ ನೆಲದೊಳಗೇ ಕೊರೆದುಕೊಂಡಿದ್ದಾರೆ. ಊರ ಸುತ್ತ ಎಲ್ಲೆಲ್ಲೂ ಬಾಯಿ ತೆರೆದ ಗಣಿಬಾವಿಗಳಿರುವುದರಿಂದ ಓಡಬೇಡಿ, ಹಿಂದಕ್ಕೆ ನಡೆಯಬೇಡಿ ಎಂಬ ಎಚ್ಚರಿಕೆಯ ಫಲಕಗಳನ್ನು ನೆಟ್ಟಿದ್ದಾರೆ. ಆ ಫಲಕದ ಪಕ್ಕದಲ್ಲೇ ಮಡದಿಯನ್ನು ನಿಲ್ಲಿಸಿ, ಕ್ಯಾಮೆರಾ ಹಿಡಿದು, "ಇನ್ನು ಸ್ವಲ್ಪ ಹಿಂದೆ ಹೋಗು" ಎಂದು ಎರಡು ಸಲ ಹೇಳಿದವನು ನಾನು. ಎರಡನೆಯ ಸಲಕ್ಕೆ ಆಕೆ ಚಲಿಸಲಿಲ್ಲ. ಹದಿನಾಲ್ಕು ವರ್ಷಗಳ ದಾಂಪತ್ಯದ ಬಗ್ಗೆ ಏನನ್ನೋ ಯೋಚಿಸುವವಳಂತೆ ನನ್ನನ್ನು ನೋಡಿದಳು.

ಆದರೆ ಪ್ರಯಾಣದ ನಿಜವಾದ ಕಾಟ ಕಾಂಗರೂವಿನಿಂದಲೂ ಅಲ್ಲ, ಬಾವಿಯಿಂದಲೂ ಅಲ್ಲ, ನೆಲದ ಓರೆಯಿಂದ. ಕಣ್ಣಿಗೆ ಸಮತಟ್ಟಾಗಿ ಕಾಣುವ ಮರುಭೂಮಿಯಲ್ಲಿ ವ್ಯಾನು ನಿಲ್ಲಿಸುವ ಜಾಗ ಒಂದೂ ಸಮತಟ್ಟಾಗಿರುವುದಿಲ್ಲ. ಬಾಣಲೆಗೆ ಹಾಕಿದ ಎಣ್ಣೆ ಒಂದು ಮಗ್ಗುಲಿಗೆ ಸರಿದು, ಅದರ ಹಿಂದೆಯೇ ಮೊಟ್ಟೆಯೂ ಹೊರಟು, ಅರ್ಧ ಕರಿದು ಅರ್ಧ ಹಸಿಯಾಗಿ ಉಳಿಯುತ್ತಿತ್ತು. ರಾತ್ರಿ ಕಾಲು ಮೇಲಾಗಿ ಮಲಗಿದರೆ ತಲೆಗೆ ನೆತ್ತರು ನುಗ್ಗುತ್ತಿತ್ತು. ತಲೆ ಮೇಲಾಗಿ ಮಲಗಿದರೆ ನಸುಕಿನ ಹೊತ್ತಿಗೆ ಮೂವರೂ ಜಾರಿ ಬಾಗಿಲ ಬಳಿ ಒಟ್ಟಾಗುತ್ತಿದ್ದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಹಾಸಿಗೆಯ ಇಳಿಜಾರಿನ ಬಗ್ಗೆ ಏನೂ ಹೇಳಿಲ್ಲ. ನಾನು ಸ್ಟೀಲ್ ಲೋಟದಲ್ಲಿ ನೀರು ತುಂಬಿ ಅಡುಗೆ ಕಟ್ಟೆಯ ಮೇಲಿಟ್ಟು, ಮಗಳು ಲೋಟವನ್ನು ನೋಡಿ "ಮುಂದೆ, ಇನ್ನೂ ಮುಂದೆ, ಅಯ್ಯೋ ಹಿಂದೆ" ಎಂದು ಕೂಗಿದಂತೆಲ್ಲ ವ್ಯಾನನ್ನು ಹಿಂದೆ ಮುಂದೆ ಆಡಿಸುತ್ತಿದ್ದೆ. ಪ್ರತಿ ಸಂಜೆ ಅರ್ಧ ಗಂಟೆ ಈ ಸೇವೆ ನಡೆಯುತ್ತಿತ್ತು. ಪಕ್ಕದ ವ್ಯಾನುಗಳ ವೃದ್ಧ ದಂಪತಿಗಳು ಚಹಾ ಹಿಡಿದು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಹೆದ್ದಾರಿಯ ಪಕ್ಕದ ಉಚಿತ ತಂಗುದಾಣದಲ್ಲಿ ಕಳೆದ ರಾತ್ರಿ ಇನ್ನೊಂದು ಸತ್ಯ ಹೊರಬಿತ್ತು. ಬ್ಯಾಟರಿಯಿಂದ ದೀಪ, ನೀರಿನ ಪಂಪು, ಫ್ರಿಜ್ಜು ನಡೆಯುತ್ತವೆ, ಮೈಕ್ರೋವೇವ್ ನಡೆಯುವುದಿಲ್ಲ; ಅದಕ್ಕೆ ದುಡ್ಡು ಕೊಟ್ಟು ತಂಗುವ ಕ್ಯಾಂಪಿನ 240 ವೋಲ್ಟಿನ ತಂತಿಯೇ ಬೇಕು. ಅಂದಿನ ರಾತ್ರಿಗೆಂದು ತಂದಿದ್ದ ಸಿದ್ಧ ಅನ್ನದ ಪೊಟ್ಟಣಗಳನ್ನು ಅಪ್ಪಿಕೊಂಡು ಬೆಚ್ಚಗಾಗಿಸುವ ಪ್ರಯತ್ನವನ್ನೂ ಮಾಡಿದೆವು. ಬಿಸ್ಕತ್ತು ತಿಂದು ಮಲಗಿದೆವು.

ಎರ್ಲ್‌ಡುಂಡಾದಲ್ಲಿ ತಿರುಗಿ ಪಶ್ಚಿಮಕ್ಕೆ ಗಂಟೆಗೂ ಮೇಲೆ ಸಾಗಿದಾಗ ಎಡಗಡೆ ದಿಗಂತದಲ್ಲಿ ಆ ಕೆಂಪು ಬೆಟ್ಟ ಎದ್ದು ನಿಂತಿತು. ವ್ಯಾನು ನಿಲ್ಲಿಸಿದೆ. ಮೌನವಾಗಿ ಇಳಿದೆವು. ನನ್ನ ಗಂಟಲು ನಿಜಕ್ಕೂ ಕಟ್ಟಿತ್ತು; ಈ ನೆಲದ ಪುರಾತನತೆಯ ಬಗ್ಗೆ ಮಗಳಿಗೆ ನಾಲ್ಕು ಮಾತು ಹೇಳಿ ನಲವತ್ತು ಫೋಟೊ ತೆಗೆದೆ. ಹತ್ತಿರದಲ್ಲಿ ನಿಂತಿದ್ದ ಲಾರಿ ಚಾಲಕನೊಬ್ಬ ನನ್ನ ಭಾವಪರವಶತೆ ಮುಗಿಯುವವರೆಗೆ ಸೌಜನ್ಯದಿಂದ ಕಾದು, ಅದು ಮೌಂಟ್ ಕಾನರ್ ಎಂದೂ, ಉಲುರು ಇನ್ನೂ ನೂರು ಕಿಲೋಮೀಟರಿನಷ್ಟು ಮುಂದಿದೆಯೆಂದೂ, ಎಲ್ಲರೂ ಹೀಗೆಯೇ ಮೋಸಹೋಗುವುದರಿಂದ ಇದಕ್ಕೆ ಫೂಲುರು ಎಂಬ ಅಡ್ಡಹೆಸರಿದೆಯೆಂದೂ ತಿಳಿಸಿದ. ಕನ್ನಡದ ಕಿವಿಗೆ ಅದು ಫೂಲ್ ಊರು ಎಂದೇ ಕೇಳಿಸಿತು, ಅರ್ಥವೂ ಸರಿಯಾಗಿಯೇ ಇತ್ತು.

ನಿಜವಾದ ಉಲುರುವಿನ ಮುಂದೆ ನಾನು ಎಚ್ಚರಿಕೆಯಿಂದ, ಫಲಕ ಓದಿದ ಮೇಲೆಯೇ ಭಾವಪರವಶನಾದೆ. 348 ಮೀಟರ್ ಎತ್ತರದ ಆ ಒಂದೇ ಬಂಡೆಯ ಬುಡದ ಸುತ್ತ ಹತ್ತು ಕಿಲೋಮೀಟರಿನಷ್ಟು ದಾರಿಯಿದೆ. ಅಂಜುಬುರುಕರ ಯೋಜನೆಯಲ್ಲಿ ಅದಕ್ಕೆಂದೇ ಒಂದು ಇಡೀ ದಿನ ಬಿಟ್ಟಿತ್ತು. ಚಕ್ರಗಳಿಲ್ಲದೆ, ಲೋಟವಿಲ್ಲದೆ, ಬಂಡೆಯ ಬಿರುಕುಗಳಲ್ಲಿ ನಿಂತ ನೀರನ್ನೂ ಅದರ ಮೇಲಿನ ನೆರಳು ಗಂಟೆಗಂಟೆಗೆ ಬಣ್ಣ ಬದಲಿಸುವುದನ್ನೂ ನೋಡುತ್ತ ನಡೆದೆವು. ದೇಶಪ್ರದಕ್ಷಿಣೆ ತಪ್ಪಿದ ನನಗೆ ಒಂದು ಪ್ರದಕ್ಷಿಣೆಯಾದರೂ ದಕ್ಕಿತು. ನನ್ನ ಮೊದಲ ಯೋಜನೆಯಲ್ಲಿ ಉಲುರುವಿಗೆ ಮೀಸಲಿದ್ದದ್ದು ನಲವತ್ತು ನಿಮಿಷ ಎಂಬುದನ್ನು ಮಡದಿ ನೆನಪಿಸಲಿಲ್ಲ. ಅವಳ ಆ ಮೌನವೇ ನನ್ನನ್ನು ಹೆಚ್ಚು ಚುಚ್ಚಿತು.

ಆಲಿಸ್ ಸ್ಪ್ರಿಂಗ್ಸಿನಲ್ಲಿ ವ್ಯಾನು ಒಪ್ಪಿಸುವ ದಿನ ಸಾಲು ದೊಡ್ಡದಿತ್ತು. ಬೇಸರ ಕಳೆಯಲು ಮಗಳು ನನ್ನ ಮೊಬೈಲು ತೆಗೆದುಕೊಂಡು, ಆ 23 ನಿಮಿಷದ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ, ನಮ್ಮಲ್ಲಿ ಯಾರೂ ಅದುವರೆಗೆ ಮಾಡದಿದ್ದಂತೆ, ಪೂರ್ತಿ ನೋಡಿದಳು. ಹತ್ತೊಂಬತ್ತನೆಯ ನಿಮಿಷಕ್ಕೆ "ಅಪ್ಪಾ, ಇಲ್ಲಿ ನೋಡು" ಎಂದಳು. ಪರದೆಯ ಮೇಲೆ ಅಡಿಲೇಡಿನ ಆ ತರುಣ ಹಿಂದಿನ ಸೀಟನ್ನು ಎತ್ತಿ, ನೆಲ ಓರೆಯಾಗಿದ್ದರೆ ಚಕ್ರದ ಕೆಳಗಿಡಲು ಇಲ್ಲಿ ಎರಡು ಹಳದಿ ಮೆಟ್ಟುಗಟ್ಟೆಗಳಿವೆ ಎಂದು ವಿವರಿಸುತ್ತಿದ್ದ. ಹಿನ್ನೆಲೆಯಲ್ಲಿ ನನ್ನ ದನಿ "ಗೊತ್ತಾಯಿತು" ಎಂದಿತು.

ಅಷ್ಟರಲ್ಲಿ ನಮ್ಮ ಸರದಿ ಬಂತು. ತಪಾಸಣೆಗೆ ಬಂದ ಹೆಂಗಸು ಮೊಸರಿನ ಕಲೆಯನ್ನೂ ಕೆಂಪು ಧೂಳನ್ನೂ ಬರೆದುಕೊಂಡು, ಸೀಟನ್ನು ಎತ್ತಿ ಒಳಗೆ ಬಗ್ಗಿ ನೋಡಿ, ಆ ಎರಡು ಹಳದಿ ಗಟ್ಟೆಗಳನ್ನು ಮಾತ್ರ ಬಹಳ ಶುಚಿಯಾಗಿ ಇಟ್ಟುಕೊಂಡಿದ್ದೀರಿ ಎಂದು ಮೆಚ್ಚಿಕೊಂಡಳು.