ಸೈಕ್ಲಾಪ್ಸ್ ಮತ್ತು ಟ್ರಯಾಂಗ್: ಒಂದು ತಿದ್ದುಪಡಿ

ಟ್ರಯಾಂಗ್ ಎಂಬುದು ಇಂಗ್ಲೆಂಡಿನ ಲೈನ್ಸ್ ಬ್ರದರ್ಸ್ ಕಂಪನಿಯ ಆಟಿಕೆ ಬ್ರ್ಯಾಂಡ್. ಆಸ್ಟ್ರೇಲಿಯಾದ ಟ್ರಯಾಂಗ್ ಆಟಿಕೆ ರೈಲುಗಳೆಲ್ಲ ಇಂಗ್ಲೆಂಡಿನ ಮಾದರಿಗೇ ಬೇರೆ ಬಣ್ಣ ಬಳಿದವು ಎಂದು ಅದರ ಬಗೆಗಿನ ಲೇಖನವೊಂದರಲ್ಲಿದೆ. ಅದು ಪೂರ್ತಿ ಸರಿಯಲ್ಲ. ಸಿಡ್ನಿಯ ಲೈಕಾರ್ಟ್‌ನಲ್ಲಿ ಪೆಡಲ್ ಕಾರು, ಮೂರು ಗಾಲಿ ಸೈಕಲ್ಲಿಗೆ ಹೆಸರಾಗಿದ್ದ ಸೈಕ್ಲಾಪ್ಸ್ ಕಂಪನಿ ಲೈನ್ಸ್ ಬ್ರದರ್ಸ್ ಕೈ ಸೇರಿದ ಮೇಲೆ ಅಲ್ಲಿನ ಮಕ್ಕಳಿಗೆ ಅಲ್ಲಿನದೇ ರೈಲುಗಳೂ ಸಿಕ್ಕವು. ಎರಡೂ ತುದಿಯಲ್ಲಿ ಚಾಲಕನ ಕ್ಯಾಬ್ ಇರುವ ಆರ್159 ಸಂಖ್ಯೆಯ ಆಟಿಕೆ ಡೀಸೆಲ್ ಎಂಜಿನ್ ನೋಡಿ: ಅದಕ್ಕೆ ಮೂಲ, 1952ರಲ್ಲಿ ಓಡಲಾರಂಭಿಸಿದ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ರೈಲ್ವೆಯ ಬಿ ಕ್ಲಾಸ್ ಎಂಜಿನ್. ಸಿಡ್ನಿಯ ಉಪನಗರ ವಿದ್ಯುತ್ ರೈಲಿನ ಮಾದರಿಯೂ ಬಂತು. ಎಷ್ಟು ಚೆಂದದ ಕೆಲಸ!

ಇನ್ನು ಟ್ರಯಾಂಗ್‌ನ ಹಳೆಯ ಆಟಿಕೆ ಉಗಿ ಎಂಜಿನ್ ಕೊಳ್ಳುವವರಿಗೆ. ಹೆಚ್ಚಿನವುಗಳ ಒಳಗಿರುವುದು 12 ವೋಲ್ಟ್ ಡಿಸಿಯ ಎಕ್ಸ್‌04 ಎಂಬ ಮೋಟಾರ್. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಒಂದು ಕಾಲಿಗೆ ಮಾತ್ರ ಕರೆಂಟ್ ಹರಿಯದಂತೆ ತಡೆಯುವ ಪುಟ್ಟ ಇನ್ಸುಲೇಷನ್ ಕೊಳವೆ ಇರುತ್ತದೆ. ಅದು ಉದುರಿಹೋಗಿದ್ದರೆ ಅಥವಾ ಸ್ಪ್ರಿಂಗ್ ತಿರುವುಮುರುವಾಗಿ ಕೂತಿದ್ದರೆ ನೇರ ಶಾರ್ಟ್ ಸರ್ಕ್ಯೂಟ್. ಜನ ಮೋಟಾರ್ ಸುಟ್ಟಿದೆ ಅಂದುಕೊಂಡು ಎಸೆದುಬಿಡುತ್ತಾರೆ. ಬ್ರಷ್‌ಗಳು ತಾಗುವ, ತಿರುಗುವ ಭಾಗವಾದ ಕಮ್ಯುಟೇಟರಿನ ಮೂರು ಸೀಳುಗಳಲ್ಲಿ ಸೇರಿದ ಕಾರ್ಬನ್ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ, ಲೋಹದ ಸೂಜಿ ಬೇಡ. ಆಯಸ್ಕಾಂತವನ್ನು ಮಾತ್ರ ಬಿಚ್ಚಲೇಬೇಡಿ. ಅದರ ಎರಡು ಧ್ರುವಗಳಿಗೆ ಕಬ್ಬಿಣದ ತುಂಡನ್ನು ಅಡ್ಡ ಇಡದೆ ಹೊರತೆಗೆದರೆ ಅದರ ಶಕ್ತಿ ಕುಂದಿ, ಎಂಜಿನ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ.