ಮಾತಿಲ್ಲದ ನಾಲ್ಕು ನಿಮಿಷ

ಕಾರ್ಟೂನ್ ಸಿನಿಮಾ ಅಂದರೆ ಮಕ್ಕಳನ್ನು ಎರಡು ಗಂಟೆ ಸುಮ್ಮನೆ ಕೂರಿಸುವ ಉಪಾಯ ಅನ್ನುವುದು ನಮ್ಮಲ್ಲಿ ಅನೇಕರ ಲೆಕ್ಕ. ಅಮೆರಿಕಕ್ಕೆ ಬಂದ ಹೊಸತರಲ್ಲಿ, ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇಂಥ ಸಿನಿಮಾಕ್ಕೆ ಬರುವುದನ್ನು ಕಂಡರೆ ನನಗೆ ತಮಾಷೆ ಅನ್ನಿಸುತ್ತಿತ್ತು. ಪಿಕ್ಸಾರ್ ಅನ್ನುವ ಅನಿಮೇಷನ್ ಸ್ಟುಡಿಯೋದವರ ‘ಅಪ್’ (2009) ನೋಡಿದ ಮೇಲೆ ಅವರು ಯಾಕೆ ಬರುತ್ತಾರೆ ಅಂತ ಗೊತ್ತಾಯಿತು.

ಶುರುವಿನಲ್ಲೇ ಕಾರ್ಲ್ ಮತ್ತು ಎಲಿಯ ಮದುವೆ. ಅಲ್ಲಿಂದ ಎಲಿ ಸಾಯುವವರೆಗೆ ಇಡೀ ಸಂಸಾರ ಸುಮಾರು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಮಾತಿಲ್ಲ, ಬರೀ ಸಂಗೀತ. ಮಗು ಆಗದ ದುಃಖವನ್ನು ಆಸ್ಪತ್ರೆಯ ಒಂದು ಕೋಣೆ ತೋರಿಸಿ ಹೇಳಿಬಿಡುತ್ತಾರೆ. ಡಾಕ್ಟರ್ ಏನು ಹೇಳಿದರು ಅಂತ ಕೇಳಿಸುವುದೇ ಇಲ್ಲ. ದೂರದ ಜಲಪಾತ ನೋಡಬೇಕು ಅಂತ ಇಬ್ಬರೂ ಗಾಜಿನ ಜಾಡಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಕಾರಿನ ಟೈರ್ ಹೋಗುತ್ತದೆ, ಜಾಡಿ ಒಡೆಯುತ್ತಾರೆ. ಕಾಲು ಮುರಿಯುತ್ತದೆ, ಮತ್ತೆ ಒಡೆಯುತ್ತಾರೆ. ಮನೆ ಮೇಲೆ ಮರ ಬೀಳುತ್ತದೆ, ಇನ್ನೊಂದು ಸಲ. ಆಮೇಲೆ ಎಲಿ ಗಂಡನಿಗೆ ಟೈ ಕಟ್ಟುವುದು, ಒಂದರ ಹಿಂದೆ ಒಂದು. ಟೈ ಬದಲಾಗುತ್ತಾ ಬದಲಾಗುತ್ತಾ ಕೂದಲು ಬೆಳ್ಳಗಾಗಿಬಿಡುತ್ತದೆ.

ಇದನ್ನೇ ನಮ್ಮವರು ಮಾಡಿದ್ದರೆ? ವರ್ಷ ಉರುಳಿಸುವುದರಲ್ಲಿ ನಾವೇನೂ ಕಮ್ಮಿ ಇಲ್ಲ. ಓಡುವ ಹುಡುಗನ ಕಾಲು ತೋರಿಸಿ ಕ್ಯಾಮೆರಾ ಮೇಲೆತ್ತುವಷ್ಟರಲ್ಲಿ ಹೀರೊ ಬಂದಿರುತ್ತಾನೆ. ನನಗೆ ಅದು ಈಗಲೂ ಇಷ್ಟ, ಶಿಳ್ಳೆ ಹೊಡೆಯೋಣ ಅನ್ನಿಸುತ್ತದೆ. ಆದರೆ ದುಃಖದ ಜಾಗ ಬಂತೋ, ನೋಡುವವರ ಮೇಲೆ ನಮಗೆ ನಂಬಿಕೆ ಸಾಲದು. ಡಾಕ್ಟರ್ ಕನ್ನಡಕ ತೆಗೆದು ತಲೆ ಆಡಿಸಬೇಕು, ಅತ್ತೆ ಚುಚ್ಚಿ ಮಾತಾಡಬೇಕು, ಹಿಂದೊಂದು ಹಾಡೂ ಬೇಕು. ಮಕ್ಕಳ ಸಿನಿಮಾ ಆದರಂತೂ ಯಾರಾದರೂ ಹಿರಿಯರು ಬುದ್ಧಿ ಹೇಳದೆ ಬಿಡುವುದಿಲ್ಲ. ಮಕ್ಕಳಿಗೆ ಅಷ್ಟೂ ಅರ್ಥವಾಗಲ್ವಾ?

ಹಾಗಂತ ‘ಅಪ್’ ಅನ್ನು ಪೂರ್ತಿ ಹೊಗಳುವ ಹಾಗೂ ಇಲ್ಲ. ಮುದುಕ ಬಲೂನ್ ಕಟ್ಟಿ ಮನೆಯನ್ನೇ ಹಾರಿಸಿಕೊಂಡು ಹೋದ ಮೇಲೆ ಗಲಾಟೆ ಜಾಸ್ತಿ. ನಾಯಿಗಳು ವಿಮಾನ ಓಡಿಸುತ್ತವೆ. ಕಾರ್ಲ್‌ಗೇ 78 ವರ್ಷ. ವಿಲನ್ ಅವನಿಗಿಂತ ಎಷ್ಟೋ ದೊಡ್ಡವನು, ಆದರೂ ಕತ್ತಿ ಹಿಡಿದು ಹೊಡೆದಾಡುತ್ತಾನೆ! ಈ ವಿಷಯದಲ್ಲಿ ಅವರಿಗೂ ನಮಗೂ ವ್ಯತ್ಯಾಸ ಇಲ್ಲ ಬಿಡಿ.

ಕೊನೆಗೆ ಸಿನಿಮಾ ಮತ್ತೆ ದಾರಿಗೆ ಬರುತ್ತದೆ. ಹಾರುವ ಮನೆಯಲ್ಲಿ ಕಾರ್ಲ್ ಜೊತೆಗಿದ್ದ ರಸೆಲ್ ಅನ್ನುವ ಸ್ಕೌಟ್ ಹುಡುಗನಿಗೆ ಬ್ಯಾಡ್ಜ್ ಹಾಕಬೇಕಾದ ಅಪ್ಪ ಬಂದಿಲ್ಲ. ಕಾರ್ಲ್ ವೇದಿಕೆ ಹತ್ತಿ, ಎಲಿ ಚಿಕ್ಕಂದಿನಲ್ಲಿ ತನಗೆ ಸಿಕ್ಕಿಸಿದ್ದ ಸೋಡಾ ಬಾಟಲಿಯ ಮುಚ್ಚಳವನ್ನು ಅವನಿಗೆ ಸಿಕ್ಕಿಸುತ್ತಾನೆ. ಅಪ್ಪನನ್ನು ಯಾರೂ ಬೈಯುವುದಿಲ್ಲ, ಉದ್ದದ ಭಾಷಣವೂ ಇಲ್ಲ.

ಇಂಥ ಕಥೆಗೆ ಅಮೆರಿಕವೇ ಆಗಬೇಕಾ? ನಮ್ಮ ಕಡೆ ದೊಡ್ಡ ಪರದೆಗೆ ಬಂದು ಹೆಸರು ಮಾಡಿದ ಅನಿಮೇಷನ್ ಅಂದರೆ ಹೆಚ್ಚಾಗಿ ಪುರಾಣವೇ: 2005ರ ‘ಹನುಮಾನ್’, 2025ರ ‘ಮಹಾವತಾರ್ ನರಸಿಂಹ’. ದೇವರ ಕಥೆ ಬೇಡ ಅಂತಲ್ಲ. ಒಬ್ಬ ರಿಟೈರ್ಡ್ ಮೇಷ್ಟ್ರು, ಪಕ್ಕದ ಮನೆಯ ತರಲೆ ಹುಡುಗ, ಇಷ್ಟೇ ಇಟ್ಟುಕೊಂಡು ಕನ್ನಡದಲ್ಲಿ ಯಾರಾದರೂ ಒಂದು ಮಾಡಬಾರದಾ?